ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ

ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿಸಿದರೆನ್ನುವ ಬೆಂಗಳೂರು ಪೇಟೆಯಲ್ಲಿ ಕಸುಬಿಗೊಂದು ಬೀದಿ. ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೇಪೇಟೆ, ಹತ್ತಿಗೆ ಅರಳೆಪೇಟೆ, ಮಡಕೆಗೆ ಕುಂಬಾರಪೇಟೆ. ಆ ಕಸುಬುಗಳೆಲ್ಲ ಇಂದು ಅಲ್ಲಿ ಉಳಿದಿಲ್ಲವಾದರೂ ಒಂದೇ ಬಗೆಯ ಸರಕಿನವರು ಒಂದೆಡೆ ನೆರೆಯುವ ಪದ್ಧತಿ ಮಾತ್ರ ಅಳಿದಿಲ್ಲ. ಅದನ್ನು ಕಣ್ಣಾರೆ ಕಾಣಬಯಸುವವರು ಪುರಭವನದ ಬಳಿ ಬಸ್ಸಿನಿಂದಿಳಿದು ಸಾದರ ಪತ್ರಪ್ಪ ರಸ್ತೆಗೆ ಹೋಗಬೇಕು. ಊರವರ ಬಾಯಲ್ಲಿ ಅದು ಎಸ್.ಪಿ. ರೋಡು, ಕಂಪ್ಯೂಟರುಗಳ ಪೇಟೆ.

ರಸ್ತೆ ಅಗಲವಾದುದಲ್ಲ. ಮೋಟಾರು, ಪಂಪು, ನಟ್ಟು ಬೋಲ್ಟುಗಳ ಹಳೆಯ ಅಂಗಡಿಗಳ ನಡುವೆ ಕಂಪ್ಯೂಟರಿನ ಅಂಗಡಿಗಳು ಒತ್ತಾಗಿ ನಿಂತಿವೆ. ಕಿರಿದಾದ ಮೆಟ್ಟಲುಗಳನ್ನು ಹತ್ತಿದರೆ ಮಹಡಿಯ ಮೇಲೂ ಅಂಗಡಿ. ಹೊಸ ಸರಕು ಬೇಕಾದವನು ಇಲ್ಲಿಗೆ ಬರುವಂತೆಯೇ, ಕೆಟ್ಟ ಯಂತ್ರವನ್ನು ಹೊತ್ತವನೂ ಬರುತ್ತಾನೆ.

ಶ್ರಾವಣದ ಒಂದು ಮಧ್ಯಾಹ್ನ ಅಂತಹ ಮಹಡಿಯೊಂದಕ್ಕೆ ಮಧ್ಯವಯಸ್ಸಿನ ಗೃಹಿಣಿಯೊಬ್ಬರು ಕಾಲೇಜು ಓದುವ ಮಗನೊಡನೆ ಬಂದರು. ಹಳೆಯ ಜಮಖಾನದಲ್ಲಿ ಸುತ್ತಿ ತಂದಿದ್ದುದು ಮನೆಯ ಕಂಪ್ಯೂಟರು. ಲಗ್ನಪತ್ರಿಕೆಗಳ ಅಕ್ಷರ ಜೋಡಿಸಿ ಮುದ್ರಣಾಲಯಗಳಿಗೆ ಕೊಡುವುದು ಆಕೆಯ ಜೀವನೋಪಾಯ. ಯಂತ್ರ ನಿಧಾನವಾಯಿತೆಂದು ಮಗ ಹಿಂದಿನ ರಾತ್ರಿ ಹೊಸ ಮೆಮೊರಿ ತುಂಡೊಂದನ್ನು ತಂದು ಹಾಕಿದ್ದ. ಆಮೇಲೆ ಫ್ಯಾನು ತಿರುಗಿತು, ದೀಪ ಉರಿಯಿತು, ಪರದೆ ಮಾತ್ರ ಕತ್ತಲಾಗಿಯೇ ಉಳಿಯಿತು. ಮೂರು ಮದುವೆಗಳ ಪತ್ರಿಕೆಗಳು ಅದರೊಳಗಿದ್ದವು; ಮರುದಿನ ಬೆಳಿಗ್ಗೆ ಅವು ಅಚ್ಚಿಗೆ ಹೋಗಬೇಕಿತ್ತು.

"ಹೆದರಬೇಡಿ ಅಮ್ಮಾ. ನೀವು ಬರೆದದ್ದೆಲ್ಲ ಹಾರ್ಡ್ ಡಿಸ್ಕಿನಲ್ಲಿದೆ. ಮೆಮೊರಿ ಹಾಕಿದರೆ ಅದು ಅಳಿಸಿಹೋಗುವುದಿಲ್ಲ" ಎಂದ ಮೆಕ್ಯಾನಿಕ್ ಹುಡುಗನ ಕಡೆ ತಿರುಗಿ, "ಹಾಕುವುದಕ್ಕೆ ಮುಂಚೆ ಚೆನ್ನಾಗಿತ್ತೇನಪ್ಪಾ?" ಎಂದು ಕೇಳಿದ. ಹುಡುಗ ತಲೆ ತಗ್ಗಿಸಿಯೇ ಹೌದೆಂದ.

ಮೆಕ್ಯಾನಿಕ್ ವಿದ್ಯುತ್ ತಂತಿಯನ್ನು ಕಳಚಿ, ಕೈಯಲ್ಲಿರಬಹುದಾದ ಸ್ಥಿರವಿದ್ಯುತ್ತು ಇಳಿಯಲೆಂದು ಪೆಟ್ಟಿಗೆಯ ಲೋಹದ ಮೈಯನ್ನು ಒಮ್ಮೆ ಮುಟ್ಟಿ, ಹೊಸ ತುಂಡನ್ನು ಹೊರತೆಗೆದ. ತಳದ ಕಚ್ಚನ್ನು ನೋಡಿದ. ಡಿಡಿಆರ್ ೩ಕ್ಕೂ ಡಿಡಿಆರ್ ೪ಕ್ಕೂ ಆ ಕಚ್ಚಿನ ಸ್ಥಾನ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಇದು ಸರಿಯಾದ ಜಾತಿಯದೇ ಆಗಿತ್ತು. ಹಳೆಯ ತುಂಡೊಂದನ್ನೇ ಇಟ್ಟು ಗುಂಡಿ ಒತ್ತಿದ, ಪರದೆ ಬೆಳಗಲಿಲ್ಲ. ಗೃಹಿಣಿಯ ಮುಖ ಇನ್ನಷ್ಟು ಬಾಡಿತು.

ಅವನು ಅವಸರಪಡಲಿಲ್ಲ. ಹಳೆಯದನ್ನೂ ತೆಗೆದಿರಿಸಿ, ಗೂಡಿನಿಂದ ಪುಟ್ಟ ಸ್ಪೀಕರೊಂದನ್ನು ತೆಗೆದು ಮದರ್‌ಬೋರ್ಡಿಗೆ ಸಿಕ್ಕಿಸಿ ಮತ್ತೆ ಗುಂಡಿ ಒತ್ತಿದ. ಮೆಮೊರಿ ಇಲ್ಲದಿದ್ದರೆ ಯಂತ್ರ ಕೂಗಿ ದೂರು ಹೇಳಬೇಕು. ಇದು ಕೂಗಲೂ ಇಲ್ಲ. ದೂರು ಹೇಳಬೇಕಾದ ಪ್ರೊಸೆಸರೇ ಎಚ್ಚರಗೊಂಡಿಲ್ಲವೆಂದು ಅವನಿಗೆ ತಿಳಿಯಿತು. ಅದಕ್ಕೆ ೧೨ ವೋಲ್ಟ್ ವಿದ್ಯುತ್ತನ್ನು ಒಯ್ಯುವ ನಾಲ್ಕು ತಂತಿಗಳ ಕೊಂಡಿಯತ್ತ ಟಾರ್ಚು ಹಿಡಿದ. ಕೊಂಡಿ ಒಂದು ಪಕ್ಕಕ್ಕೆ ವಾಲಿ ಅರ್ಧ ಹೊರಬಂದಿತ್ತು. ಇಕ್ಕಟ್ಟಿನಲ್ಲಿ ಹೊಸದನ್ನು ಕೂರಿಸುವಾಗ ಹುಡುಗನ ಕೈ ತಗುಲಿರಬೇಕು. ಫ್ಯಾನುಗಳಿಗೆ ವಿದ್ಯುತ್ತು ಬೇರೆ ಕೊಂಡಿಯಿಂದ ಬರುವುದರಿಂದ ಅವು ಏನೂ ಆಗಿಲ್ಲವೆಂಬಂತೆ ತಿರುಗುತ್ತಿದ್ದವು.

ಕೊಂಡಿಯನ್ನು ಟಕ್ಕೆನ್ನುವವರೆಗೆ ಒತ್ತಿದ ಮೇಲೆ ಯಂತ್ರ ಕೂಗಿತು. ಪ್ರತಿ ಸಲವೂ ವಿದ್ಯುತ್ತನ್ನು ನಿಲ್ಲಿಸಿ, ಮೊದಲು ಹಳೆಯ ತುಂಡನ್ನೂ ಅನಂತರ ಹೊಸದನ್ನೂ ಕೂರಿಸಿದಾಗ ಪರದೆ ಬೆಳಗಿತು.

"ಹೊಸದು ಕೆಟ್ಟಿದೆಯೆಂದು ಹಿಂದಕ್ಕೆ ಕೊಡುವುದಕ್ಕಿದ್ದೆ" ಎಂದ ಹುಡುಗ.

"ಹೊಸದು ಹಾಕಿದ ಮೇಲೆ ಕೆಟ್ಟರೆ ಹೊಸದನ್ನಷ್ಟೇ ನೋಡಬಾರದು, ಮರೀ. ಹಾಕುವಾಗ ಕೈ ಎಲ್ಲೆಲ್ಲಿ ಆಡಿತೋ ಅಲ್ಲೆಲ್ಲ ನೋಡಬೇಕು."

ಗೃಹಿಣಿ ಮೂರು ಪತ್ರಿಕೆಗಳನ್ನೂ ಒಂದೊಂದಾಗಿ ತೆರೆದು, ವಧೂವರರ ಹೆಸರುಗಳನ್ನು ಓದಿಕೊಂಡ ಮೇಲೆಯೇ ಜಮಖಾನವನ್ನು ಕೈಗೆತ್ತಿಕೊಂಡರು. ಮೆಟ್ಟಲಿಳಿಯುವಾಗ ಪೆಟ್ಟಿಗೆಯನ್ನು ಮಗನೇ ಎದೆಗವಚಿ ಹಿಡಿದಿದ್ದ. ಎದುರಿನಿಂದ ಇನ್ನಾರೋ ಒಬ್ಬರು ಮತ್ತೊಂದು ಪೆಟ್ಟಿಗೆಯನ್ನು ಹೊತ್ತು ಮೇಲೇರುತ್ತಿದ್ದರು. ತಾಯಿಮಗ ಗೋಡೆಗೊತ್ತಿ ನಿಂತು ಅವರಿಗೆ ದಾರಿ ಬಿಟ್ಟರು.