ಒಂದಕ್ಕೆ ಹತ್ತು

ವೆಸ್ಟ್ ಮಾಂಬಲಂನ ನಮ್ಮ ಬೀದಿಯ ಫುಟ್‌ಪಾತ್ ಈಗ ಇಬ್ಬರು ಪಕ್ಕಪಕ್ಕದಲ್ಲಿ ಮಾತಾಡಿಕೊಂಡು ನಡೆಯುವಷ್ಟು ಅಗಲವಾಗಿದೆ. ಮೊದಲು ಇದ್ದದ್ದು ಎರಡು ಸಾಲು ಚಪ್ಪಡಿ, ಅದರ ಮೇಲೊಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಬೈಕು. ಹಾಗಾಗಿ ಕೆಲಸ ಶುರುವಾದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಅಗಲ ಮಾಡುವಾಗ ನಾಲ್ಕು ಮರ ಹೋದವು. ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಎಂದರು ಕೆಲಸ ಮಾಡಿಸಿದವರು. ನೆಟ್ಟರು ಕೂಡ. ಹನ್ನೆರಡು ನಮ್ಮ ಬೀದಿಯಲ್ಲಿ, ಉಳಿದ ಇಪ್ಪತ್ತೆಂಟು ಬೇರೆಲ್ಲೋ ಒಂದು ಪಾರ್ಕಿನಲ್ಲಂತೆ.

ಹೋದ ನಾಲ್ಕರಲ್ಲಿ ದೊಡ್ಡದು ಮಳೆಮರ. ತಮಿಳಿನಲ್ಲಿ ಅದು ‘ತೂಂಗುಮೂಂಜಿ ಮರಂ’, ಅಂದರೆ ನಿದ್ದೆಮೋರೆಯ ಮರ. ಸಂಜೆಯಾದರೆ ಎಲೆ ಮಡಚಿಕೊಂಡು ಮಲಗುತ್ತದಲ್ಲ, ಅದಕ್ಕೆ. ಇಂಥ ಚೆಂದದ ಹೆಸರು ನಮ್ಮವರಿಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಅದರ ನೆರಳು ಅಡ್ಡಡ್ಡಕ್ಕೆ ಹದಿನೈದು ಮೀಟರಿನಷ್ಟು ಬೀಳುತ್ತಿತ್ತು. ಸುಮಾರು 177 ಚದರ ಮೀಟರ್ ಆಯಿತು. ಒಂದು ಮೀಟರ್ ಹರವಿನ ಹತ್ತು ಸಸಿಗಳ ನೆರಳನ್ನು ಕೂಡಿಸಿದರೆ 8 ಚದರ ಮೀಟರ್ ಕೂಡ ಆಗುವುದಿಲ್ಲ. ಒಂದಕ್ಕೆ ಹತ್ತು ಅಂದಾಗ ನಮಗೆ ಲಾಭವಾದಂತೆ ಕೇಳಿಸುತ್ತದೆ. ಎಣಿಸಬೇಕಾದದ್ದು ಕಾಂಡವನ್ನಲ್ಲ, ನೆರಳನ್ನು.

ಚೆನ್ನೈ ಮಟ್ಟಿಗೆ ಇದು ಬರೀ ಪರಿಸರಪ್ರೇಮದ ಮಾತಲ್ಲ. ಈ ನಗರ 2014ರಲ್ಲೇ ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಒಂದು ನೀತಿ ಮಾಡಿಕೊಂಡಿತು. ಸಾರಿಗೆಗೆ ಇಟ್ಟ ಹಣದಲ್ಲಿ ಶೇ. 60ರಷ್ಟು ಅವರಿಗೇ ಮೀಸಲು ಎಂದಿತು. ಪಾಂಡಿ ಬಜಾರ್‌ನಲ್ಲಿ 2019ರ ನವೆಂಬರಿನಲ್ಲಿ ತೆರೆದ ಅಗಲ ಫುಟ್‌ಪಾತನ್ನು ನೀವೂ ನೋಡಿರುತ್ತೀರಿ. ಸಂಜೆ ಅಲ್ಲಿ ಜಾತ್ರೆ. ಆದರೆ ಮೇ ತಿಂಗಳ ಹನ್ನೊಂದು ಗಂಟೆಗೆ ಹೋಗಿ ನೋಡಿ, ಜನ ನಿಂತಿರುವುದು ಹಳೆಯ ಮರ ಉಳಿದಿರುವ ಕಡೆ ಮಾತ್ರ. ಬಿಸಿಲಲ್ಲಿ ನಡೆಯಲಾಗದ ಫುಟ್‌ಪಾತ್ ಎಷ್ಟು ಅಗಲ ಇದ್ದರೇನು? ಬೈಕಿನವರಿಗೆ ಅನುಕೂಲ, ಅಷ್ಟೆ.

ಮಳೆಮರ ಈ ನೆಲದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು, ಅದರ ಬದಲು ಊರಿನ ಮರ ನೆಡುವುದೇ ಒಳ್ಳೆಯದು ಎಂಬ ವಾದವನ್ನೂ ಕೇಳಿದೆ. ಅದರಲ್ಲಿ ಹುರುಳಿದೆ. 2016ರ ಡಿಸೆಂಬರ್ 12ರ ವರ್ದಾ ಚಂಡಮಾರುತದಲ್ಲಿ ಗುಲ್‌ಮೊಹರ್‌ನಂಥ ಹೊರಗಿನ ಮರಗಳು ಸಾಲುಸಾಲಾಗಿ ಉರುಳಿದವು. ಆದರೆ ಉರುಳಿದ್ದಕ್ಕೆ ಜಾತಿಯೊಂದೇ ಕಾರಣವಲ್ಲ. ಮರಕ್ಕೆ ಉಣಿಸುವ ಬೇರುಗಳು ಹೆಚ್ಚಾಗಿ ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಹರಡಿರುತ್ತವೆ, ಕೊಂಬೆ ಚಾಚಿದ್ದಕ್ಕಿಂತಲೂ ಆಚೆಗೆ ಹೋಗಿರುತ್ತವೆ. ಮೋರಿಗೊಮ್ಮೆ, ಕೇಬಲ್ಲಿಗೊಮ್ಮೆ, ನೀರಿನ ಪೈಪಿಗೊಮ್ಮೆ ಅಗೆದು ಅದನ್ನೇ ಕಡಿದರೆ, ಉಳಿದದ್ದನ್ನು ಕಾಂಕ್ರೀಟಿನಲ್ಲಿ ಮುಚ್ಚಿದರೆ, ಗಾಳಿಗೆ ನಿಲ್ಲುವುದು ಯಾವ ಬಲದ ಮೇಲೆ? ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ಕಿತ್ತುಹಾಕಿ ಎಂದು ಹಸಿರು ನ್ಯಾಯಮಂಡಳಿ ಹೇಳಿದ್ದು 2013ರಲ್ಲಿ.

ನಮ್ಮ ಬೀದಿಗೆ ಬಂದವು ಬೇವು ಮತ್ತು ಹೊಂಗೆ. ಆಯ್ಕೆಗೆ ನನ್ನ ತಕರಾರಿಲ್ಲ. ಹೊಂಗೆಗೆ ತಮಿಳಿನಲ್ಲಿ ಪುಂಗು. ಪಾಲು ಹಾಲಾದಂತೆ, ಪೂ ಹೂವಾದಂತೆ, ಗಡಿ ದಾಟುವಾಗ ಪಕಾರ ಕಳಚಿಟ್ಟು ಬಂದ ನಮ್ಮದೇ ಮರ. ತಕರಾರು ಇರುವುದು ಗುಂಡಿಯ ಬಗ್ಗೆ. ಎರಡಡಿ ಚೌಕದ ಗುಂಡಿ, ಸುತ್ತ ಸಿಮೆಂಟಿನ ಕಟ್ಟೆ. ನೀರು ಹೊಯ್ದರೆ ಅರ್ಧ ಗಂಟೆ ಹಾಗೇ ನಿಲ್ಲುತ್ತಿತ್ತು. ಕೆದಕಿದರೆ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ನೀರಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕು. ಮೇ ಮುಗಿಯುವುದರೊಳಗೆ ಹನ್ನೆರಡರಲ್ಲಿ ಐದು ಒಣಗಿದವು. ಸೂಪರ್‌ವೈಸರನ್ನು ಕೇಳಿದರೆ, “ಸಾರ್, ಬಿಲ್ಲಿನಲ್ಲಿ ಇರೋದು ನೆಡೋದು ಮಾತ್ರ” ಎಂದ. ಅವನು ಹೇಳಿದ್ದು ನಿಜ. ನೆಟ್ಟದ್ದರ ಲೆಕ್ಕ ಕೇಳುವವರಿದ್ದಾರೆ, ಮೂರು ವರ್ಷದ ಮೇಲೆ ಬದುಕಿದ್ದೆಷ್ಟು ಎಂದು ಕೇಳುವವರಿಲ್ಲ.

ಸಸಿ ನೆಟ್ಟು ನಗರವನ್ನು ಹಸಿರು ಮಾಡಲಾಗದು ಎಂದು ನಾನು ಹೇಳುತ್ತಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಸೇತುರಾಮ ನೇಗಿನಹಾಳ ಅವರು ಬೆಂಗಳೂರಿನಲ್ಲಿ ನೆಡಿಸಿದ್ದು ಸುಮಾರು 15 ಲಕ್ಷ. ಊರಿಗೆ ಹೋದಾಗ ನಾವು ಬಸ್ಸಿಳಿದು ಹಾಯ್ ಎನ್ನುವ ತಂಪಿನಲ್ಲಿ ಅವುಗಳ ಪಾಲೂ ಇದೆ. ಆದರೆ ಆ ತಂಪಿಗೆ ನಲವತ್ತು ವರ್ಷ ಹಿಡಿಯಿತು. ಅದನ್ನು ಕಡಿದು ಬದಲಿಗೆ ಸಸಿ ಕೊಡುತ್ತೇವೆ ಎನ್ನುವವರು ಆ ನಲವತ್ತು ವರ್ಷವನ್ನು ಎಲ್ಲಿಂದ ತರುತ್ತಾರೆ?

ಮಳೆಮರದ ಕೆಳಗೆ ಇಸ್ತ್ರಿ ಗಾಡಿಯ ಅಕ್ಕ ಇದ್ದರು. ಕೆಂಡದ ಪೆಟ್ಟಿಗೆ ಹಿಡಿದು ದಿನವಿಡೀ ನಿಲ್ಲುವವರಿಗೆ ನೆರಳೇ ಅಂಗಡಿ. “ದಾರಿ ದೊಡ್ಡದಾಯ್ತು ತಂಬಿ, ನಿಲ್ಲೋ ಜಾಗ ಹೋಯ್ತು” ಎಂದರು. ಈಗ ಮಧ್ಯಾಹ್ನ ಕೆಲಸ ನಿಲ್ಲಿಸುತ್ತಾರೆ, ಅಷ್ಟು ಸಂಪಾದನೆಯೂ ನಿಂತಿದೆ.

ಬೀದಿಯ ಏಳು ಮನೆಯವರು ಸೇರಿ ಅರ್ಜಿ ಬರೆದೆವು, ಕನ್ನಡದವನಾದ ನನ್ನ ತಮಿಳನ್ನು ಪಕ್ಕದ ಮನೆಯ ಮಾಮಿ ತಿದ್ದಿದರು. ಮೂರನೆಯ ಅರ್ಜಿಯ ನಂತರ ನಾಲ್ಕು ಗುಂಡಿಗಳ ಸುತ್ತ ಬ್ಲಾಕು ಕಿತ್ತು ಐದಡಿ ಮಾಡಿಕೊಟ್ಟರು, ಕೆಮ್ಮಣ್ಣೂ ಬಂತು. ಮಿಕ್ಕ ಮೂರು ಸಸಿಗಳ ಗುಂಡಿ ಹಾಗೇ ಇದೆ. ಒಣಗಿದ ಐದರ ಜಾಗಕ್ಕೆ ಹೊಸ ಬ್ಲಾಕು ಕೂರಿಸಿಬಿಟ್ಟರು. ನಾಲ್ಕನೆಯ ಅರ್ಜಿ ಅದರ ಬಗ್ಗೆ. ಇಸ್ತ್ರಿ ಅಕ್ಕ ಸದ್ಯಕ್ಕೆ ಎರಡು ಕಂಬದ ನಡುವೆ ಹಳೆಯ ಫ್ಲೆಕ್ಸ್ ಬ್ಯಾನರ್ ಕಟ್ಟಿಕೊಂಡಿದ್ದಾರೆ. ಬಟ್ಟೆಗೆ ಚಿಮುಕಿಸಿ ಉಳಿದ ನೀರನ್ನು ಸಂಜೆ ಪಕ್ಕದ ಹೊಂಗೆಗೆ ಸುರಿಯುತ್ತಾರೆ.