ಕಲ್ಲಿಗೆ ಜೇನು ಕುಡಿಸಿದ ಊರು

ಜರ್ಮನಿಯ ಪಶ್ಚಿಮ ಭಾಗದಲ್ಲಿ ನಾಹೆ ನದಿಯ ದಂಡೆಯ ಮೇಲೆ ಇಡಾರ್-ಓಬರ್‌ಸ್ಟೈನ್ ಎಂಬ ಊರಿದೆ. ಕಡಿದಾದ ಬಂಡೆಯ ನಡುವೆ, 15ನೇ ಶತಮಾನದಲ್ಲಿ ಕಟ್ಟಿದ ಚರ್ಚು ಊರಿಗೆಲ್ಲ ಕಾಣುತ್ತದೆ. ನಾನು ಹೋದದ್ದು ಮಾತ್ರ ಕ್ಯಾಮಿಯೊ ನೋಡಲು.

ಕ್ಯಾಮಿಯೊ ಎಂದರೆ ಉಂಗುರಕ್ಕೋ ಪದಕಕ್ಕೋ ಕೂರಿಸುವ ಉಬ್ಬುಚಿತ್ರದ ಹರಳು. ಕಪ್ಪು ನೆಲದ ಮೇಲೆ ಹಾಲಿನಂಥ ಬಿಳಿ ಮುಖ. ಮಕ್ಕಳೇ, ಆ ಬಿಳುಪು ಬಳಿದದ್ದಲ್ಲ, ಅಂಟಿಸಿದ್ದೂ ಅಲ್ಲ. ಅಗೇಟ್ ಎಂಬ ಕಲ್ಲಿನಲ್ಲಿ ಪದರಗಳಿರುತ್ತವೆ. ಮೇಲಿನ ಬಿಳಿ ಪದರದಲ್ಲಿ ಮುಖ ಕೆತ್ತಿ, ಸುತ್ತಲಿನ ಬಿಳಿಯನ್ನೆಲ್ಲ ತೆಗೆದರೆ ಕೆಳಗಿನ ಕಪ್ಪು ಹೊರಬರುತ್ತದೆ.

ಆದರೆ ಹೆಚ್ಚಿನ ಅಗೇಟ್ ಬರೀ ಬೂದು ಬಣ್ಣದ್ದು. ಅದಕ್ಕೆ ಇಲ್ಲಿನವರು 19ನೇ ಶತಮಾನದಲ್ಲಿ ಒಂದು ಉಪಾಯ ಬಳಸಿದರು. ಕಲ್ಲನ್ನು ಜೇನು ಬೆರೆಸಿದ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ, ಆಮೇಲೆ ಗಂಧಕಾಮ್ಲದಲ್ಲಿ ಇಡುತ್ತಿದ್ದರು. ಸಣ್ಣ ರಂಧ್ರಗಳಿರುವ ಪದರ ಜೇನು ಹೀರುತ್ತದೆ. ಆಮ್ಲ ಆ ಸಿಹಿಯನ್ನು ಇದ್ದಿಲಾಗಿಸುತ್ತದೆ, ಪದರ ಕಪ್ಪಾಗುತ್ತದೆ. ಒತ್ತಾದ ಪದರ ಏನನ್ನೂ ಹೀರದೆ ಬಿಳಿಯಾಗಿಯೇ ಉಳಿಯುತ್ತದೆ.

ಇಡಾರ್ ಹಳ್ಳದ ಪಕ್ಕದಲ್ಲಿ ಹಳೆಯ ಸಾಣೆಮನೆಯೊಂದನ್ನು ಉಳಿಸಿಕೊಂಡಿದ್ದಾರೆ. ಹೊರಗೆ ನೀರು ದೊಡ್ಡ ಗಾಲಿಯನ್ನು ತಿರುಗಿಸುತ್ತದೆ, ಒಳಗೆ ಮರಳುಗಲ್ಲಿನ ಚಕ್ರಗಳು ಸುತ್ತುತ್ತವೆ. ಒರಟು ಕಲ್ಲಿಗೆ ಆಕಾರ ಬರುತ್ತಿದ್ದುದು ಇಲ್ಲಿಯೇ. ಕೆಲಸಗಾರರು ಮರದ ಪೀಠದ ಮೇಲೆ ಬೋರಲು ಮಲಗಿ, ಹಿಂದೆ ಕಾಲೊತ್ತಿ, ಮೈಯ ಬಲವನ್ನೆಲ್ಲ ಹಾಕಿ ಕಲ್ಲನ್ನು ಚಕ್ರಕ್ಕೆ ಒತ್ತಬೇಕಿತ್ತು. ಒಬ್ಬರು ಮಲಗಿ ತೋರಿಸಿದಾಗ, ನೋಡುತ್ತಿದ್ದ ನನಗೇ ಎದೆ ಬಿಗಿಯಿತು. ಕಲ್ಲಿನ ಧೂಳು, ಥಂಡಿ ಎರಡೂ ಸೇರಿ ಅನೇಕರ ಶ್ವಾಸಕೋಶ ಕೆಡಿಸಿದವು. ಅಂದದ ಒಡವೆಯ ಹಿಂದೆ ಆ ಕೆಮ್ಮೂ ಇತ್ತು.

ಊರಿನ ಸುತ್ತಲಿನ ಅಗೇಟ್ ಮುಗಿಯುತ್ತ ಬಂದಾಗ ಎಷ್ಟೋ ಮನೆಯವರು ಹೊಟ್ಟೆಪಾಡಿಗೆ ಬ್ರೆಜಿಲ್‌ಗೆ ಹಡಗು ಹತ್ತಿದರು. 1827ರ ಸುಮಾರಿಗೆ ಅಲ್ಲಿನ ದಕ್ಷಿಣ ಭಾಗದಲ್ಲಿ ಅವರ ಕಣ್ಣಿಗೆ ಬಿದ್ದದ್ದೇನು ಗೊತ್ತೇ? ಅದೇ ಅಗೇಟ್! ಊರು ಬಿಟ್ಟವರೇ ಊರಿಗೆ ಕಲ್ಲು ಕಳಿಸಿದರು, ಸಾಣೆಚಕ್ರಗಳು ಮತ್ತೆ ತಿರುಗಿದವು.

ಮುಖ ಕೆತ್ತುವುದು ಬೇರೆಯೇ ಕೆಲಸ. ಗಟ್ಟಿತನದ ಅಳತೆಯಲ್ಲಿ ವಜ್ರಕ್ಕೆ 10 ಅಂಕ, ಅಗೇಟಿಗೆ ಸುಮಾರು 7. ಉಕ್ಕಿನ ಚಾಕು ಇದಕ್ಕೆ ನಾಟದು. ಗಿರ್ರನೆ ತಿರುಗುವ ಸಣ್ಣ ಕಡ್ಡಿಯ ತುದಿಗೆ ವಜ್ರದ ಪುಡಿ ಹಚ್ಚಿ ಕೂದಲೆಳೆಯಷ್ಟೇ ಸವೆಸುತ್ತಾರೆ. ಕೆನ್ನೆಯ ಮೇಲೆ ಬಿಳಿ ತೆಳುವಾದಂತೆ ಅಡಿಯ ಕಪ್ಪು ನೆರಳಾಗಿ ಇಣುಕುತ್ತದೆ. ಒಂದು ಎಳೆ ಹೆಚ್ಚು ಹೋದರೆ ಆ ಬಿಳುಪು ಮತ್ತೆ ಬಾರದು. ಇಲ್ಲಿ ಅಳಿಸುವ ರಬ್ಬರಿಲ್ಲ.

ಎಲ್ಲಾದರೂ ಇಂಥ ಹರಳು ಕಂಡರೆ, ಅಜ್ಜಿಯ ಭೂತಕನ್ನಡಿ ಕೇಳಿ ಪಡೆದು ಅದರ ಅಂಚನ್ನು ನೋಡಿ. ಬಿಳಿ ಮುಗಿದು ಕಪ್ಪು ಶುರುವಾಗುವ ಗೆರೆ ಅಲ್ಲಿ ಸಿಕ್ಕೀತು.