ಪಾಸ್ ಒತ್ತಿದ ಜಾಗಗಳು

1985ರ ದೀಪಾವಳಿಗೆ ಶಿರಸಿಯ ಜವಳಿ ಅಂಗಡಿಯೊಂದು ಬಟ್ಟೆ ಕೊಂಡವರಿಗೆಲ್ಲ ಲಕ್ಕಿ ಡ್ರಾ ಚೀಟಿ ಹಂಚಿತ್ತು. ಅಜ್ಜಿಗೆ ಸೀರೆ, ಮಕ್ಕಳಿಗೆ ಅಂಗಿ ಬಟ್ಟೆ, ಅಪ್ಪ ಚಿಕ್ಕಪ್ಪನಿಗೆ ಪಂಚೆ ಎಂದು ಮೊತ್ತ ಕೂಡಿದ್ದಕ್ಕೆ ನಮಗೂ ಒಂದು ಹಳದಿ ಚೀಟಿ ಬಂತು. ಹೆಸರಿನ ಜಾಗದಲ್ಲಿ ಅಪ್ಪ ಅಜ್ಜಿಯ ಹೆಸರು ಬರೆಸಿದ. ಚೀಟಿ ಪಂಚಾಂಗದ ಹಾಳೆಗಳ ನಡುವೆ ಸೇರಿತು. ತುಳಸಿ ಮದುವೆ ಕಳೆದ ಮೇಲೆ ಒಂದು ದಿನ ಅಡಿಕೆ ಸೊಸೈಟಿಗೆ ಹೋದ ಅಪ್ಪ, ಅಂಗಡಿಯ ಬಾಗಿಲಿಗೆ ಅಂಟಿಸಿದ್ದ ಪಟ್ಟಿ ನೋಡಿಕೊಂಡು ಬಂದ. ಮೊದಲ ಬಹುಮಾನದ ಲೂನಾ ಬನವಾಸಿ ಕಡೆಯವರಿಗೆ ಹೋಗಿತ್ತು. ಎರಡನೆಯದು ಟೂ-ಇನ್-ಒನ್. ಅದು ಅಜ್ಜಿಯ ಹೆಸರಿಗೆ ಬಂದಿತ್ತು.

ರೇಡಿಯೊ, ಟೇಪ್ ರೆಕಾರ್ಡರು ಎರಡೂ ಒಂದೇ ಪೆಟ್ಟಿಗೆಯಲ್ಲಿ. ರೇಡಿಯೊ ನಮ್ಮಲ್ಲಿ ಮೊದಲೇ ಇತ್ತು. ಅದಕ್ಕೆ ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಶುಲ್ಕ ಕಟ್ಟುವ ಕಾಲ ಆಗಷ್ಟೇ ಮುಗಿದಿತ್ತು. ಧಾರವಾಡ ಕೇಂದ್ರ, ಭದ್ರಾವತಿ ಕೇಂದ್ರ, ಪ್ರದೇಶ ಸಮಾಚಾರ, ಕೃಷಿರಂಗ ಎಲ್ಲ ಕಿವಿಗೆ ಒಗ್ಗಿದ್ದವು. ಆದರೆ ಅವೆಲ್ಲ ಹೊರಗಿನ ದನಿಗಳು. ಮನೆಯವರ ಮಾತನ್ನು ಮನೆಯವರಿಗೇ ತಿರುಗಿಸಿ ಕೇಳಿಸುವ ಯಂತ್ರ ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ದೇವರ ಮುಂದಿಟ್ಟು ಕುಂಕುಮ ಹಚ್ಚಿ, ಆರತಿ ಎತ್ತಿ, ಆಮೇಲೆ ಜಗಲಿಯ ಗೂಡಿನಲ್ಲಿ ಅದಕ್ಕೆ ಜಾಗ ಮಾಡಿದರು.

ಬಳಸುವ ಕ್ರಮ ಹೇಳುವ ಪುಸ್ತಕ ಇಂಗ್ಲಿಷಿನಲ್ಲಿತ್ತು. ಪಿಯುಸಿ ಓದಿದ್ದ ಚಿಕ್ಕಪ್ಪ ಜಗಲಿಯಲ್ಲಿ ಕುಳಿತು ಪುರಾಣ ಹೇಳುವ ಗತಿಯಲ್ಲಿ ಅದರ ಅರ್ಥ ಹೇಳಿದ. ನಾವೆಲ್ಲ ಸುತ್ತ ಕುಳಿತು ಕೇಳಿದೆವು. ಒಂದು ಬಾಣದ ಗುರುತು ಕೇಳುವುದಕ್ಕೆ, ಬಲಕ್ಕೆ ಜೋಡಿ ಬಾಣ ಮುಂದೆ ಓಡಿಸುವುದಕ್ಕೆ, ಎಡಕ್ಕೆ ಜೋಡಿ ಬಾಣ ಹಿಂದೆ ಸುತ್ತುವುದಕ್ಕೆ, ಎರಡು ಗೀಟಿನ ಪಾಸ್ ಗುಂಡಿ ತಡೆದು ನಿಲ್ಲಿಸುವುದಕ್ಕೆ. ದನಿ ಹಿಡಿಯಬೇಕಾದರೆ ಕೆಂಪು ಚುಕ್ಕೆಯ ಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಒಟ್ಟಿಗೆ ಒತ್ತಬೇಕು. ಗುಂಡಿಗಳು ಬಿಗಿ. ಅಡಿಕೆ ಚೊಗರಿನಿಂದ ಕಪ್ಪಾದ ಎರಡೂ ಹೆಬ್ಬೆರಳುಗಳನ್ನಿಟ್ಟು ಅಮ್ಮ ಉಸಿರು ಬಿಗಿಹಿಡಿದು ಒತ್ತುತ್ತಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟುತ್ತದೆ. ಮೂರಂಕಿಯ ಲೆಕ್ಕದ ಚಕ್ರವೊಂದು ಮೇಲಿತ್ತು. ಯಾವ ಹಾಡು ಯಾವ ಅಂಕಿಗೆ ಶುರುವಾಗುತ್ತದೆ ಎಂದು ಅಪ್ಪ ಕೂಲಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಡತೊಡಗಿದ.

ಹೀಗೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ ಕೈವಶವಾಯಿತು. ಸಿಕ್ಕು ಬಿದ್ದ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತುವುದು ಮಕ್ಕಳ ಕೆಲಸ. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ ಒರೆಸುವುದು ಚಿಕ್ಕಪ್ಪನದು. ಸೋತ ಬ್ಯಾಟರಿಗಳನ್ನು ಅಡಿಕೆ ಹರವಿದ ಅಂಗಳದಲ್ಲೇ ಸಾಲಾಗಿ ಬಿಸಿಲಿಗಿಟ್ಟು ಇನ್ನೊಂದು ರಾತ್ರಿಗೆ ಜೀವ ಬರಿಸುವುದು ಚಿಕ್ಕಮ್ಮನದು. ಬಿಸಿಲಿನ ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಕಂಡು ಕಲಿತಿದ್ದಳು. ದನಿ ಹಿಡಿದ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಕತ್ತಿಯ ತುದಿಯಿಂದ ಮುರಿಯುವ ಅಧಿಕಾರ ಮಾತ್ರ ಅಪ್ಪನದು. ಅದನ್ನು ಮುರಿದರೆ ಮತ್ತೆ ಅದರ ಮೇಲೆ ಯಾರೂ ಏನನ್ನೂ ತುಂಬಲಾಗದು. ಏನು ಉಳಿಯಬೇಕು ಎಂಬ ತೀರ್ಮಾನ ಹಾಗೆ ಅಪ್ಪನ ಕೈಯಲ್ಲಿತ್ತು.

ಮೊದಲ ಸಲ ತಮ್ಮ ದನಿ ಕೇಳಿದ ದಿನ ಯಾರೂ ಅದನ್ನು ತಮ್ಮದೆಂದು ಒಪ್ಪಲಿಲ್ಲ. ಅಮ್ಮನ ದನಿ ಸರಿಯಾಗಿದೆ ಎಂದು ಎಲ್ಲರೂ ಹೇಳಿದರು, ಅಮ್ಮ ಒಪ್ಪಲಿಲ್ಲ. ಚಿಕ್ಕಪ್ಪನದು ಥೇಟ್ ಅವನದೇ ಎಂದರು, ಚಿಕ್ಕಪ್ಪ ಒಪ್ಪಲಿಲ್ಲ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯಲ್ಲಷ್ಟೇ ಅಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ನಮ್ಮ ಕಿವಿಗೆ ಬರುತ್ತದೆ, ಅದಕ್ಕೇ ನಮಗೆ ತುಂಬಿಕೊಂಡು ಕೇಳುತ್ತದೆ. ಟೇಪಿನಲ್ಲಿ ಗಾಳಿಯ ಪಾಲು ಮಾತ್ರ ಇರುತ್ತದೆ. ನಾನು ಇದನ್ನು ಕಾಲೇಜಿಗೆ ಹೋದ ಮೇಲೆ ತಿಳಿದೆ. ಅಜ್ಜಿಗೆ ಯಾರೂ ಹೇಳಲಿಲ್ಲ. ಅವಳು ಕಿವಿಯನ್ನು ಸ್ಪೀಕರಿನ ಜಾಲರಿಗೆ ಒತ್ತಿ, ‘ಯನ್ನ ಸ್ವರ ಹಿಂಗಿದ್ದಾ?’ ಎಂದು ಕೇಳಿದಳು. ಎಪ್ಪತ್ತು ದಾಟಿದ ಹೆಂಗಸು, ಎಷ್ಟೋ ಮದುವೆಗಳಲ್ಲಿ ಹಾಡಿದವಳು, ಬೇರೆಯವರಿಗೆ ತಾನು ಹೇಗೆ ಕೇಳಿಸುತ್ತೇನೆಂದು ಆವತ್ತು ಮೊದಲ ಸಲ ಕೇಳಿದಳು.

ಆಮೇಲೆ ಅಡಿಕೆ ಸುಗ್ಗಿ ಶುರುವಾಯಿತು. ನಮ್ಮ ಕಡೆ ಹಸಿ ಅಡಿಕೆ ಸುಲಿಯುವ ಕೆಲಸ ರಾತ್ರಿಯದು. ಬೇಯಿಸುವ ಹಂಡೆಗೆ ಮಾರನೆಯ ದಿನಕ್ಕೆ ಬೇಕಾದಷ್ಟು ತಯಾರಾಗಬೇಕು. ಮನೆಯವರು, ಕೇರಿಯವರು, ಕೆಲಸಕ್ಕೆ ಬಂದವರು ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತರೆ ಮಧ್ಯರಾತ್ರಿಯವರೆಗೂ ಸಿಪ್ಪೆ ಬೀಳುವ ಸದ್ದು. ಆ ವರ್ಷದಿಂದ ನಡುವೆ ಟೂ-ಇನ್-ಒನ್ನು ಬಂದು ಕೂತಿತು. ಅಂಗಡಿಯಿಂದ ತಂದ ಕ್ಯಾಸೆಟ್ಟುಗಳು ಮೊದಲು ಬಂದವು: ನಿತ್ಯೋತ್ಸವ, ಮಾಸ್ಟರ್ ಹಿರಣ್ಣಯ್ಯನವರ ನಾಟಕ, ತಾಳಮದ್ದಲೆಗಳು. ಆಮೇಲೆ ಚಿಕ್ಕಪ್ಪ ಪೆಟ್ಟಿಗೆಯನ್ನೇ ಹೊತ್ತುಕೊಂಡು ಯಕ್ಷಗಾನದ ಆಟಕ್ಕೆ ಹೋಗತೊಡಗಿದ. ರಂಗಸ್ಥಳದ ಎದುರಿಗೆ ಅಂಥ ಪೆಟ್ಟಿಗೆಗಳು ಸಾಲಾಗಿ ಇರುತ್ತಿದ್ದವು. ನಲವತ್ತೈದು ನಿಮಿಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಬಗ್ಗಿ ಮಗ್ಗುಲು ಬದಲಿಸುವರು. ಬೆಳಗಿನ ಜಾವಕ್ಕೆ ಬ್ಯಾಟರಿ ಸೋಲುತ್ತಿತ್ತು. ಆಗ ನಿಧಾನವಾಗಿ ಸುತ್ತಿದ ಟೇಪನ್ನು ಮನೆಗೆ ಬಂದು ಹೊಸ ಬ್ಯಾಟರಿಯಲ್ಲಿ ಹಾಕಿದರೆ ಭಾಗವತರ ದನಿ ಮಗುವಿನಷ್ಟು ತೆಳ್ಳಗೆ, ಅವಸರವಾಗಿ ಬರುತ್ತಿತ್ತು. ಭಾಗವತ ಕಾಳಿಂಗ ನಾವಡರು 1990ರಲ್ಲಿ, ಮೂವತ್ತು ದಾಟಿದ ಹರೆಯದಲ್ಲೇ, ಅಪಘಾತದಲ್ಲಿ ತೀರಿಕೊಂಡಾಗ ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅವರ ಪದಗಳು ಹಾಗೆ ಹಿಡಿದಿಟ್ಟ ಕ್ಯಾಸೆಟ್ಟುಗಳಲ್ಲಿ ಉಳಿದವು. ಸಿಳ್ಳೆ, ಚಂಡೆ, ಯಾರದೋ ಮಗುವಿನ ಅಳು ಎಲ್ಲ ಅವುಗಳಲ್ಲಿವೆ. ಇವತ್ತು ಅವನ್ನು ಕೇಳುವವರಿಗೆ ಅವು ಬೇಡದ ಸದ್ದಲ್ಲ. ಆ ರಾತ್ರಿ ಇದ್ದದ್ದು ಅವುಗಳಲ್ಲೇ.

ಇದನ್ನು ಹೇಳಲು ಕಾರಣವಿದೆ. ನಮ್ಮ ಮನೆಯ ಟೇಪುಗಳಲ್ಲಿ ಹಾಗಿಲ್ಲ.

ಅಜ್ಜಿಯ ಹಾಡುಗಳನ್ನು ಹಿಡಿದಿಡಬೇಕೆಂದು ತೀರ್ಮಾನವಾದದ್ದು ಸುಲಿತದ ರಾತ್ರಿಯೊಂದರಲ್ಲಿ. ಹಸೆ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಬೀಸುವ ಪದ, ಹೆಣ್ಣೊಪ್ಪಿಸುವ ಹಾಡು ಎಲ್ಲ ಅವಳಿಗೆ ಬಾಯಲ್ಲೇ ಇದ್ದವು. ಬರೆದಿಟ್ಟದ್ದು ಒಂದೂ ಇರಲಿಲ್ಲ. ಕ್ಯಾಸೆಟ್ಟು ತುಟ್ಟಿ. ಸಿ-60 ಎಂದರೆ ಒಂದು ಮಗ್ಗುಲಿಗೆ ಅರ್ಧ ಗಂಟೆ, ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ಸರಿಯುವ ಸುಮಾರು 90 ಮೀಟರ್ ಪಟ್ಟಿ. ಅಪ್ಪ ಬದುಕಿನಲ್ಲಿ ಯಾವುದನ್ನೂ ಪೋಲು ಮಾಡಿದವನಲ್ಲ. ಅಜ್ಜಿ ಹಾಡು ಮುಗಿಸಿದ ಕೂಡಲೇ ಪಾಸ್ ಒತ್ತುತ್ತಿದ್ದ. ಅವಳು ಮುಂದಿನ ಹಾಡು ಎತ್ತಿಕೊಂಡಾಗ ಬಿಡುತ್ತಿದ್ದ.

ಆ ನಡುವೆ ಅಜ್ಜಿ ಮಾತಾಡುತ್ತಿದ್ದಳು. ಈ ಹಾಡನ್ನು ತನಗೆ ಯಾರು ಕಲಿಸಿದರು, ಯಾರ ಮದುವೆಯಲ್ಲಿ ಮೊದಲ ಸಲ ಒಬ್ಬಳೇ ಹೇಳಿದೆ, ಯಾವ ನುಡಿಯನ್ನು ವಿಧವೆಯರ ಎದುರು ಬಿಟ್ಟು ಹಾಡುತ್ತಿದ್ದರು, ತವರಿನಲ್ಲಿ ಇದರ ಧಾಟಿ ಹೇಗೆ ಬೇರೆ, ಇಲ್ಲಿಗೆ ಬಂದ ಹೊಸತರಲ್ಲಿ ಅತ್ತೆಯ ಧಾಟಿಗೆ ತನ್ನ ದನಿಯನ್ನು ಹೇಗೆ ಬಗ್ಗಿಸಿದೆ ಎಂದೆಲ್ಲ. ಸುಲಿಯುವ ಹೆಂಗಸರು ನಡುವೆ ಬಾಯಿ ಹಾಕಿ ತಮ್ಮ ಕೇರಿಯ ನುಡಿ ಸೇರಿಸುತ್ತಿದ್ದರು, ನಗುತ್ತಿದ್ದರು, ಅಜ್ಜಿ ಅಲ್ಲ ಹಾಗಲ್ಲ ಎಂದು ತಿದ್ದುತ್ತಿದ್ದಳು. ನಾನು ಅಲ್ಲೇ ಕೂತಿದ್ದೆ. ಮಾತು ನಡೆಯಿತೆಂಬುದು ನೆನಪಿದೆ, ಮಾತು ನೆನಪಿಲ್ಲ. ಹಾಡು ಮುಖ್ಯ, ಮಾತು ನಾಳೆಯೂ ಇರುತ್ತದೆ ಎಂದು ಆವತ್ತು ಅಲ್ಲಿದ್ದ ಎಲ್ಲರೂ ನಂಬಿದ್ದೆವು. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವನು ಅಷ್ಟು ಜತನ ಮಾಡದೆ ಇದ್ದಿದ್ದರೆ ಹಾಡುಗಳೂ ಇಷ್ಟು ಸಿಗುತ್ತಿರಲಿಲ್ಲ.

ಬರೀ ಮಾತೇ ಇದ್ದ ಕ್ಯಾಸೆಟ್ಟು ಒಂದಿತ್ತು. ಮುಂಬಯಿಯಲ್ಲಿದ್ದ ನನ್ನ ಅತ್ತೆಯ ಮನೆಯಲ್ಲೂ ಟೇಪ್ ರೆಕಾರ್ಡರು ಇದೆಯೆಂದು ಗೊತ್ತಾದ ಮೇಲೆ ಕಾಗದ ಬರೆಯುವುದು ಕಡಿಮೆಯಾಗಿ ಕ್ಯಾಸೆಟ್ಟು ಓಡಾಡತೊಡಗಿತು. ಬಟ್ಟೆಯಲ್ಲಿ ಹೊಲಿದು, ಮೇಲೆ ವಿಳಾಸ ಬರೆದು ಅಂಚೆಗೆ ಹಾಕುವುದು. ಕೊಲ್ಲಿ ದೇಶಕ್ಕೆ ಮಕ್ಕಳನ್ನು ಕಳಿಸಿದ ಕರಾವಳಿಯ ಮನೆಗಳಲ್ಲೂ ಹಾಗೆ ಮಾಡುತ್ತಿದ್ದರು. ಅತ್ತೆಯ ಕ್ಯಾಸೆಟ್ಟು ಬಂದ ದಿನ ಒಲೆ ಉರಿ ಸಣ್ಣ ಮಾಡಿ ಎಲ್ಲರೂ ಜಗಲಿಗೆ ಬರುವರು. ಹಿನ್ನೆಲೆಯಲ್ಲಿ ಲೋಕಲ್ ರೈಲು ಹೋಗುವ ಸದ್ದು, ನಲ್ಲಿಯಲ್ಲಿ ನೀರು ಬಂತೆಂದು ಅವಳು ಎದ್ದು ಓಡುವುದು, ಬಂದು ಮತ್ತೆ ಮಾತು ಮುಂದುವರಿಸುವುದು. ಅಜ್ಜಿ ಟೇಪಿಗೇ ಉತ್ತರ ಕೊಡುತ್ತಿದ್ದಳು. ಉಂಡ್ಯಾ ಎಂದು ಅತ್ತೆ ಕೇಳಿದರೆ ಉಂಡೆ ಎನ್ನುತ್ತಿದ್ದಳು. ಆಮೇಲೆ ನಮ್ಮ ಉತ್ತರ ಅದೇ ಕ್ಯಾಸೆಟ್ಟಿನಲ್ಲಿ ಹೋಗಬೇಕು. ರೆಕಾರ್ಡ್ ಮಾಡುವಾಗ ಟೇಪು ಮೊದಲು ಅಳಿಸುವ ಹೆಡ್ಡನ್ನು ದಾಟಿ, ಆಮೇಲೆ ಬರೆಯುವ ಹೆಡ್ಡಿಗೆ ಬರುತ್ತದೆ. ಹೊಸ ಮಾತು ಬೀಳುವ ಮುನ್ನವೇ ಹಳೆಯದು ಒರೆಸಿಹೋಗಿರುತ್ತದೆ. ಅತ್ತೆಯನ್ನು ಒರೆಸಿ ಅಜ್ಜಿ, ಅಜ್ಜಿಯನ್ನು ಒರೆಸಿ ಅತ್ತೆ, ಹೀಗೆ ಆ ಪಟ್ಟಿ ವರ್ಷಗಟ್ಟಲೆ ಶಿರಸಿಗೂ ಮುಂಬಯಿಗೂ ಓಡಾಡಿತು. ಅದರ ಬೆನ್ನಿನ ಹಲ್ಲನ್ನು ಯಾರೂ ಮುರಿಯಲಿಲ್ಲ. ಕೊನೆಗೆ ಅದು ಮುಂಬಯಿಯಲ್ಲೇ ನಿಂತಿತು, ಅತ್ತೆ ಮನೆ ಬದಲಿಸಿದಾಗ ಕಾಣೆಯಾಯಿತು. ಅಷ್ಟರಲ್ಲಿ ಅವಳ ಮನೆಗೆ ಫೋನು ಬಂದಿತ್ತು.

ಅಜ್ಜಿ ಹೋದ ಮೇಲೆ ಅವಳ ಹಾಡಿನ ಕ್ಯಾಸೆಟ್ಟುಗಳನ್ನು ಮನೆಯಲ್ಲಿ ಬಹಳ ಕಾಲ ಯಾರೂ ಹಾಕಲಿಲ್ಲ. ಕೇಳುವ ಧೈರ್ಯ ಅಮ್ಮನಿಗೆ ಇರಲಿಲ್ಲ. ಅವು ಬಿಸ್ಕತ್ತಿನ ಡಬ್ಬಿಯಲ್ಲಿ, ಥಂಡಿ ಹಿಡಿಯದಿರಲೆಂದು ಇಟ್ಟ ಇದ್ದಿಲ ಚೂರುಗಳ ಜತೆ, ಅಟ್ಟದ ಮೇಲಿದ್ದವು. ನಮ್ಮ ಮಳೆಗಾಲಕ್ಕೆ ಇದ್ದಿಲು ಎಲ್ಲಿ ಸಾಕು? ಪುಸ್ತಕಕ್ಕೆ, ಚಪ್ಪಲಿಗೆ, ದೇವರ ಪಟದ ಗಾಜಿನ ಒಳಮೈಗೆ ಹಿಡಿಯುವ ಬೂಷ್ಟು ಟೇಪಿನ ಸುರುಳಿಗೂ ಹಿಡಿಯಿತು. ಪೆಟ್ಟಿಗೆಯೊಳಗಿನ ರಬ್ಬರ್ ಬೆಲ್ಟು ಕರಗಿ ಅಂಟಾಯಿತು. ಒಂದೆರಡು ಸಲ ಪೇಟೆಯ ರಿಪೇರಿಯವನು ಬದಲಿಸಿಕೊಟ್ಟ, ಆಮೇಲೆ ಬೆಲ್ಟೂ ಸಿಗಲಿಲ್ಲ, ರಿಪೇರಿಯವನೂ ಮೊಬೈಲ್ ಅಂಗಡಿ ಮಾಡಿಕೊಂಡ. ಕ್ಯಾಸೆಟ್ಟನ್ನು 1963ರಲ್ಲಿ ಲೋಕಕ್ಕೆ ಕೊಟ್ಟ ಫಿಲಿಪ್ಸ್ ಕಂಪನಿಯ ತಂಡದ ಮುಖ್ಯಸ್ಥ ಲೂ ಒಟೆನ್ಸ್ 2021ರಲ್ಲಿ ತೀರಿಕೊಂಡ ಸುದ್ದಿ ಓದಿದ ದಿನ ನಾನು ಡಬ್ಬಿಯನ್ನು ಅಟ್ಟದಿಂದ ಇಳಿಸಿದೆ.

ಟೇಪುಗಳಿಂದ ದನಿಯನ್ನು ಹೊರತೆಗೆಯುವ ಕೆಲಸವನ್ನು ಬೆಂಗಳೂರಿನಲ್ಲಿರುವ ತಮ್ಮ, ಚಿಕ್ಕಪ್ಪನ ಮಗ, ಮಾಡಿದ. ಚಿಪ್ಪು ಬಿರುಕು ಬಿಟ್ಟ ಕ್ಯಾಸೆಟ್ಟುಗಳ ಸುರುಳಿ ತೆಗೆದು ಬೇರೆ ಚಿಪ್ಪಿಗೆ ಹಾಕಿ, ಬೂಷ್ಟನ್ನು ಮೆಲ್ಲಗೆ ಒರೆಸಿ, ಹಳೆಯ ಡೆಕ್ ಒಂದನ್ನು ಕಂಪ್ಯೂಟರಿಗೆ ಜೋಡಿಸಿ ಕೂತ. ಅರ್ಧಕ್ಕರ್ಧ ಟೇಪುಗಳು ಬರೀ ಸುಯ್ ಎಂದವು. ಉಳಿದವುಗಳಲ್ಲಿ ಅಜ್ಜಿ ಇದ್ದಳು. ನಾನು ಹೆಡ್‌ಫೋನು ಹಾಕಿಕೊಂಡು ಕೇಳಿದೆ. ಹಾಡು ಶುರುವಾಗುವ ಎರಡು ಮೂರು ಸೆಕೆಂಡು ಮೊದಲೇ, ಬಹಳ ದೂರದಿಂದ ಎಂಬಂತೆ, ಅದೇ ಹಾಡಿನ ಮೊದಲ ಸ್ವರ ಕೇಳುತ್ತದೆ. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತತೆ ವರ್ಷಗಳು ಕಳೆದಂತೆ ಪಕ್ಕದ ಸುತ್ತಿಗೆ ಅಚ್ಚಾಗುವುದರಿಂದ ಹಾಗಾಗುತ್ತದೆ ಎಂದು ತಮ್ಮ ವಿವರಿಸಿದ. ಹಾಡು ಮುಗಿದ ಕೂಡಲೇ ಅವಳು ಉಸಿರೆಳೆದುಕೊಳ್ಳುತ್ತಾಳೆ, ‘ಇದ್ನ ಯಂಗೆ...’ ಎನ್ನುವಷ್ಟರಲ್ಲಿ ಟಕ್ ಎಂಬ ಸದ್ದು. ಮುಂದಿನ ಹಾಡು. ಮತ್ತೆ ಉಸಿರು, ಮತ್ತೆ ಟಕ್. ಕೇಳುತ್ತ ಹೋದಂತೆ ನಾನು ಹಾಡುಗಳನ್ನು ಬಿಟ್ಟು ಆ ಟಕ್ಕಿಗಾಗಿ ಕಾಯತೊಡಗಿದೆ. ಅಪ್ಪನ ಬೆರಳು ತಡವಾದಲ್ಲಿ ಅರ್ಧ ಪದ ಹೆಚ್ಚು ಸಿಗುತ್ತಿತ್ತು.

ಅಪ್ಪನ ಕೂಲಿ ಪುಸ್ತಕವೂ ಸಿಕ್ಕಿತು. ಅಂಕಿ, ಎದುರಿಗೆ ಹಾಡಿನ ಮೊದಲ ಸಾಲು, ಅಷ್ಟೆ. ಜನಪದ ಹಾಡುಗಳ ಸಂಗ್ರಹಗಳನ್ನು ತೆಗೆದು ನೋಡಿದೆ. ಕುಮಟೆಯ ಎಲ್. ಆರ್. ಹೆಗಡೆಯವರಂಥವರು ಊರೂರು ಅಲೆದು ಕೂಡಿಸಿದ್ದರಿಂದ ನಮ್ಮ ಜಿಲ್ಲೆಯ ಹೆಂಗಸರ ಹಾಡುಗಳು ಅಚ್ಚಾಗಿವೆ, ಅಜ್ಜಿಯ ಹಲವು ಹಾಡುಗಳ ಬೇರೆ ಬೇರೆ ರೂಪ ಸಿಕ್ಕವು. ಹಾಡುಗಳಿಗೆ ಹಾಗೆ ಒಂದು ನೆಲೆ ಆಯಿತು. ತಮ್ಮನ ಮಗಳು ಫೋನಿನಲ್ಲಿ ಕೇಳಿ ಕೇಳಿ ಎರಡು ಆರತಿ ಹಾಡು ಕಲಿತಿದ್ದಾಳೆ. ಅಜ್ಜಿ ಉಸಿರಿಗೆಂದು ನಿಂತಲ್ಲೆಲ್ಲ ಅವಳೂ ನಿಲ್ಲುತ್ತಾಳೆ.

ಹೆಣ್ಣೊಪ್ಪಿಸುವ ಹಾಡು ಮಾತ್ರ ಯಾವ ಸಂಗ್ರಹದಲ್ಲೂ ಸಿಗಲಿಲ್ಲ. ಟೇಪಿನಲ್ಲಿ ಅದರ ನಾಲ್ಕು ನುಡಿ ಚೆನ್ನಾಗಿವೆ. ಐದನೆಯದರ ನಡುವೆ ಮಗ್ಗುಲು ಮುಗಿದಿದೆ, ಇನ್ನೊಂದು ಮಗ್ಗುಲಿಗೆ ಬೂಷ್ಟು ಹಿಡಿದಿದೆ. ಅಜ್ಜಿಯ ತಂಗಿಯ ಮಗಳು ಸಿದ್ದಾಪುರದ ಹತ್ತಿರ ಇದ್ದಾಳೆಂದು ತಿಳಿದು ಕಳೆದ ಮಾಘದಲ್ಲಿ ಹೋದೆ. ಎಂಬತ್ತು ದಾಟಿದವಳು, ಕಿವಿ ಮಂದ, ದನಿ ಗಟ್ಟಿ. ಫೋನನ್ನು ಎದುರಿಗಿಟ್ಟು ಆನ್ ಮಾಡಿ ಬಿಟ್ಟುಬಿಟ್ಟೆ. ಮಂಡಿನೋವು, ಅಡಿಕೆ ದರ, ಬೆಂಗಳೂರಿಗೆ ಹೋದ ಮಕ್ಕಳು, ಈ ವರ್ಷದ ಕೊಳೆರೋಗ ಎಲ್ಲ ಅದರಲ್ಲಿದೆ, ನಾನು ಎಲ್ಲಿಯೂ ನಿಲ್ಲಿಸಲಿಲ್ಲ. ಅಜ್ಜಿಯ ಹಾಡು ಹಾಕಿ ಅವಳ ಕಿವಿಗೆ ಹಿಡಿದೆ. ಮೊದಲ ನುಡಿಗೇ ದನಿಯ ಗುರುತು ಹಿಡಿದು ಅತ್ತಳು. ಹಾಡು ಅವಳಿಗೆ ಬರುತ್ತಿರಲಿಲ್ಲ. ಅದು ತವರಿನ ಹಾಡಲ್ಲ, ಮದುವೆಯಾಗಿ ಹೋದ ಮೇಲೆ ನಿಮ್ಮ ಊರಿನಲ್ಲೇ ಯಾರೋ ಒಬ್ಬಳಿಂದ ಕಲಿತದ್ದೆಂದು ಹೇಳುತ್ತಿದ್ದಳು ಎಂದಳು. ಯಾರ ಮನೆಯವಳೆಂದು ಕೇಳಿದೆ. ಹೆಸರು ಹೇಳಿದ್ದಳು, ಈಗ ನೆನಪಿಲ್ಲ, ನಿಮ್ಮ ಟೇಪಿನಲ್ಲೇ ಹೇಳಿರಬೇಕು ನೋಡು, ಎಂದಳು.